ಪಾವ್ ಭಾಜಿ ಪ್ಲೇಟಿನಲ್ಲಿ ಹರಿವೆ ಪಲ್ಯ: ಎಂಟು ತಿಂಗಳು ಬಳಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ಸ್ಟೀಲ್ ತಟ್ಟೆಯ ಬಗ್ಗೆ. 180 ರೂಪಾಯಿಯ ತಟ್ಟೆಗೆ ಇಷ್ಟುದ್ದ ಬರೆಯುತ್ತೀಯಾ ಅಂತ ನಮ್ಮನೆಯವರು ನಕ್ಕರು. ನಗಲಿ ಬಿಡಿ. ನಾಲ್ಕೂವರೆ ವರ್ಷದ ನಮ್ಮ ಮಾಣಿಯ, ಅಂದರೆ ಮಗನ, ಹಿಂದೆ ಅನ್ನದ ಬಟ್ಟಲು ಹಿಡಿದು, ಕಾರವಾರದ ಬಾಡಿಗೆ ಮನೆಯ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮಂಚದ ಕೆಳಕ್ಕೆ ಓಡಾಡಿದವಳು ನಾನು, ಅವರಲ್ಲ.

ತಟ್ಟೆಗೆ ಕಂಪನಿ ಹೆಸರು ಅಂತ ಏನೂ ಇಲ್ಲ. ಮೂರು ಖಾನೆ ಇರುವ ದುಂಡನೆಯ ಸ್ಟೀಲ್ ತಟ್ಟೆ, ಒಂದು ಖಾನೆ ದೊಡ್ಡದು, ಎರಡು ಚಿಕ್ಕವು. ಪಾತ್ರೆ ಅಂಗಡಿಗೆ ಹೋಗಿ ಮಕ್ಕಳ ತಟ್ಟೆ ಅಂತ ಕೇಳಬೇಡಿ. ಕೇಳಿದರೆ ಕಾರ್ಟೂನ್ ಚಿತ್ರ ಇರುವ ಪ್ಲಾಸ್ಟಿಕ್ ತಟ್ಟೆಗಳ ರಾಶಿಯನ್ನೇ ಮುಂದಿಡುತ್ತಾರೆ. ಪಾವ್ ಭಾಜಿ ಪ್ಲೇಟ್ ಕೊಡಿ ಅನ್ನಿ, ಅಂಗಡಿಯ ಹುಡುಗ ತಕ್ಷಣ ಅಟ್ಟದ ಮೇಲಿಂದ ಇಳಿಸುತ್ತಾನೆ. ನಮ್ಮ ಮನೆಯಲ್ಲಿ ಅದರ ಮೇಲೆ ಇವತ್ತಿನವರೆಗೆ ಪಾವೂ ಬಿದ್ದಿಲ್ಲ, ಭಾಜಿಯೂ ಬಿದ್ದಿಲ್ಲ.

ನಮ್ಮ ಮಾಣಿಯ ಊಟದ ಪಟ್ಟಿ ಹೋದ ವರ್ಷ ಹೀಗಿತ್ತು. ಮೊಸರನ್ನ. ಸಕ್ಕರೆ ಹಾಕಿದ ದೋಸೆ. ಬಾಳೆಹಣ್ಣು, ಅದೂ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿರಬಾರದು. ಬಿಸ್ಕತ್ತು. ಹಾಲು, ಹಾಲು, ಮತ್ತೆ ಹಾಲು. ಮೊಸರನ್ನಕ್ಕೆ ಒಗ್ಗರಣೆಯ ಒಂದು ಸಾಸಿವೆ ಕಾಳು ಬಿದ್ದರೂ ಇಡೀ ತಟ್ಟೆಯನ್ನೇ ದೂಡುತ್ತಿದ್ದ. ಪಲ್ಯದ ರಸ ಅನ್ನಕ್ಕೆ ತಾಗಿದರಂತೂ ಮುಗಿಯಿತು, ಆ ಹೊತ್ತಿನ ಊಟವೇ ಇಲ್ಲ. ಆದರೆ ಬಾಲವಾಡಿಯಲ್ಲಿ ಮಾತ್ರ ಎಲ್ಲರ ಜೊತೆ ಕೂತು ಕೊಟ್ಟದ್ದನ್ನೆಲ್ಲ ತಿನ್ನುತ್ತಾನಂತೆ! ಟೀಚರ್ ಹಾಗೆ ಹೇಳಿದಾಗ ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈ ತಟ್ಟೆಗೆ ಮುಂಚೆ ಮಾಡಿದ ಖರ್ಚನ್ನೂ ಹೇಳಬೇಕು. ಒಂದು ಸಿಲಿಕೋನ್ ತಟ್ಟೆ ಆನ್‌ಲೈನಿನಲ್ಲಿ ತರಿಸಿದೆ, ಅಡಿಯಲ್ಲಿ ರಬ್ಬರಿನ ಹಿಡಿತ ಇರುವಂಥದ್ದು, ಮಗು ಎಳೆದರೂ ಮೇಲೇಳುವುದಿಲ್ಲ ಅಂತ ವಿಡಿಯೊದಲ್ಲಿ ತೋರಿಸುತ್ತಾರೆ ನೋಡಿ, ಅದು. ಗಾಜಿನ ಟೇಬಲ್ ಇರುವವರ ಮನೆಯಲ್ಲಿ ಹಿಡಿಯುತ್ತದೇನೋ. ನಾವು ಊಟಕ್ಕೆ ಕೂರುವುದು ನೆಲದ ಮೇಲೆ, ಹಳೇ ಗಾರೆ ನೆಲ, ಅಲ್ಲಲ್ಲಿ ತರಿತರಿ. ಅದು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ವಾಸನೆ. ಸಿಲಿಕೋನ್ ಅನ್ನುವುದು ಎಣ್ಣೆಯನ್ನೂ ಸೋಪಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ, ಆಮೇಲೆ ಅದರಲ್ಲಿ ಇಟ್ಟ ಬಾಳೆಹಣ್ಣೂ ಪಾತ್ರೆ ಸೋಪಿನ ಹಾಗೆ ಅನ್ನಿಸುತ್ತದೆ. ಮೊದಲೇ ತಿನ್ನದ ಮಗುವಿಗೆ ಇನ್ನೇನು ಬೇಕು! ಆಮೇಲೆ ಒಂದು ಮೆಲಮೈನ್ ತಟ್ಟೆ, ಆನೆ ಚಿತ್ರದ್ದು. ನೋಡಲು ಚೆಂದ. ಆದರೆ ಮೆಲಮೈನನ್ನು ಮೈಕ್ರೋವೇವಿಗೆ ಹಾಕಬಾರದು, ಬಿಸಿಬಿಸಿ ಹುಳಿ ಪದಾರ್ಥಕ್ಕೂ ಒಳ್ಳೆಯದಲ್ಲ ಅಂತ ಗೊತ್ತಾದ ಮೇಲೆ, ದಿನಾ ಬಿಸಿ ಸಾರು ಕುದಿಯುವ ಮನೆಯಲ್ಲಿ ಅದಕ್ಕೇನು ಕೆಲಸ? ಈಗ ಅದರ ಮೇಲೆ ಬಟ್ಟೆ ಕ್ಲಿಪ್ ಇಟ್ಟಿದ್ದೇನೆ. ಮೂರನೆಯದು ಚಾಕಲೇಟ್ ರುಚಿಯ ಹಾಲಿನ ಪುಡಿ. ಡಬ್ಬಿಯ ಹಿಂದೆ ಇರುವ ಪಟ್ಟಿಯಲ್ಲಿ ಯಾವುದು ಜಾಸ್ತಿ ತೂಕ ಇದೆಯೋ ಅದರ ಹೆಸರು ಮೊದಲು ಬರುತ್ತದೆ, ನಾನು ತಂದದ್ದರಲ್ಲಿ ಸಕ್ಕರೆ ಎರಡನೆಯದು. ಅದನ್ನು ಕುಡಿದು ಹೊಟ್ಟೆ ತುಂಬಿಸಿಕೊಂಡವನು ಊಟಕ್ಕೆ ಯಾಕೆ ಕೂರುತ್ತಾನೆ?

ತಟ್ಟೆಯ ಯೋಚನೆ ಬಂದದ್ದು ಶಿರಸಿ ಕಡೆ ಒಂದು ಉಪನಯನದ ಊಟದಲ್ಲಿ. ಮೇ ತಿಂಗಳು. ದೇವಿಮನೆ ಘಟ್ಟ ಹತ್ತುವಾಗ ಮಾಣಿ ಬೆಳಿಗ್ಗೆ ಕುಡಿದ ಹಾಲನ್ನೆಲ್ಲ ಕಾರಿಕೊಂಡ. ಮತ್ತೆ ವಾಂತಿ ಆಗುತ್ತದೆ ಅಂತ ನಾನು ಬಿಸ್ಕತ್ತನ್ನೂ ಕೊಡಲಿಲ್ಲ. ಮಧ್ಯಾಹ್ನ ಪಂಕ್ತಿಯಲ್ಲಿ ನಮ್ಮಿಬ್ಬರ ನಡುವೆ ಅವನಿಗೂ ಒಂದು ಬಾಳೆ ಎಲೆ ಹಾಕಿದರು. ಬಡಿಸುವವರು ಬಂದರು. ಎಡ ತುದಿಗೆ ಉಪ್ಪು, ಆಮೇಲೆ ಮಿಡಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಬೀಟ್ರೂಟ್ ಸಾಸಿವೆ (ಸಾಸಿವೆ ಅರೆದು ಹಾಕಿದ ಮೊಸರಿನ ಪದಾರ್ಥ). ಚಿಕ್ಕ ಮಗು ಅಂತ ಅವನಿಗೆ ಚಿಟಿಕೆ ಚಿಟಿಕೆ ಬಡಿಸಿದರು. ನನಗೆ ಪಕ್ಕದಲ್ಲಿ ಕೂತ ದೊಡ್ಡಮ್ಮನ ಜೊತೆ ಮಾತೇ ಮಾತು, ಇವನ ಕಡೆ ನೋಡಲೇ ಇಲ್ಲ. ತಿರುಗಿ ನೋಡಿದರೆ ಬೆರಳು ಪೂರ್ತಿ ಗುಲಾಬಿ. ಸಾಸಿವೆಗೆ ಬೆರಳದ್ದಿ ನೆಕ್ಕುತ್ತಿದ್ದಾನೆ! ಕೋಸಂಬರಿಯ ಹೆಸರುಬೇಳೆಯನ್ನು ಒಂದೊಂದಾಗಿ ಹೆಕ್ಕಿ ತಿಂದಿದ್ದಾನೆ. ಸೌತೆಕಾಯಿ ಚೂರುಗಳನ್ನು ಮಾತ್ರ ಎಲೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿದ್ದಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ, ನನ್ನ ಅಮ್ಮ, ನನ್ನ ತೊಡೆ ಚಿವುಟಿದಳು. "ಸುಮ್ನಿರೆ. ಹಸಿವಾದ್ರೆ ತಿಂತ ಬಿಡೆ."

ಅರ್ಧ ಪುಣ್ಯ ಘಟ್ಟದ ತಿರುವುಗಳಿಗೆ ಹೋಗಬೇಕು, ಹೊಟ್ಟೆ ಖಾಲಿ ಇತ್ತಲ್ಲ. ಉಳಿದರ್ಧ ಬಾಳೆ ಎಲೆಗೆ. ಎಲೆಯಲ್ಲಿ ಒಂದಕ್ಕೊಂದು ತಾಗುವುದಿಲ್ಲ, ಪ್ರತಿಯೊಂದಕ್ಕೂ ಅದರದ್ದೇ ಜಾಗ. ಯಾವುದೂ ರಾಶಿ ಇಲ್ಲ. ಎಲ್ಲರೂ ತಮ್ಮ ಪಾಡಿಗೆ ಉಣ್ಣುತ್ತಾರೆ, ನಿನ್ನ ಬಾಯಿಗೆ ಏನು ಹೋಯಿತು ಅಂತ ಯಾರೂ ನೋಡುತ್ತಾ ಕೂರುವುದಿಲ್ಲ. ಮನೆಯಲ್ಲಿ ನಾನು ಮಾಡುತ್ತಿದ್ದದ್ದು ಇದರ ಪೂರ್ತಿ ಉಲ್ಟಾ: ಎಲ್ಲ ಕಲಸಿ, ಮೊಬೈಲ್ ತೋರಿಸಿ, ಬಾಯಿಗೆ ತುರುಕುವುದು. ಕಾರವಾರದಲ್ಲಿ ದಿನಾ ಎರಡು ಹೊತ್ತು ಬಾಳೆ ಎಲೆ ಎಲ್ಲಿಂದ ತರೋದು? ಹಾಗಾಗಿ ಮಾರನೇ ದಿನ ಶಿರಸಿ ಪೇಟೆಯಲ್ಲೇ ತಟ್ಟೆ ತೆಗೆದುಕೊಂಡೆ.

ಅಂಗಡಿಯಲ್ಲಿ ಹೆಸರು ಹಾಕಿಸಬೇಕಾ ಅಂತ ಕೇಳಿದರು. ಪಾತ್ರೆ ಅಂಗಡಿಯಲ್ಲಿ ಕರ್ರ್ ಅಂತ ಸದ್ದು ಮಾಡುತ್ತಾ ಹೆಸರು ಕೊರೆಯುವ ಮೆಷಿನ್ ಇರುತ್ತದಲ್ಲ, ಮಾಣಿ ಅದನ್ನೇ ಕಣ್ಣು ಮಿಟುಕಿಸದೆ ನೋಡಿದ. ಪೃಥ್ವಿ ಅಂತ ಹಾಕಿ ಅಂದೆ. ಮನೆಗೆ ಬಂದು ನೋಡಿದರೆ "ಪ್ರುತ್ವಿ". ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ನೋಡದೆ ತಂದದ್ದು ನನ್ನ ತಪ್ಪೇ. ಅವನಿಗೆ ಓದಲು ಬರುವುದಿಲ್ಲ, ತನ್ನ ಹೆಸರು ಅಂತಷ್ಟೇ ಗೊತ್ತು, ಬಂದವರಿಗೆಲ್ಲ ತೋರಿಸಿದ. ತಟ್ಟೆ ತನ್ನದು ಅನ್ನುವ ಈ ಜಂಬದಿಂದಲೇ ಅರ್ಧ ಕೆಲಸ ಆಯಿತು, ಕರೆಯದೆ ತಾನೇ ತಟ್ಟೆ ಹಿಡಿದು ಬಂದು ಕೂರಲು ಶುರು ಮಾಡಿದ.

ನಾನು ಬಳಸುವ ರೀತಿ ಇದು. ದೊಡ್ಡ ಖಾನೆಗೆ ಅವನು ಖಂಡಿತ ತಿನ್ನುವಂಥದ್ದು, ಹೆಚ್ಚಾಗಿ ಅನ್ನ. ಒಂದು ಚಿಕ್ಕ ಖಾನೆಗೆ ಅವನಿಗೆ ಇಷ್ಟದ್ದು. ಇನ್ನೊಂದಕ್ಕೆ ನಾವು ಅವತ್ತು ಉಣ್ಣುವ ಪಲ್ಯವೋ ಗೊಜ್ಜೋ ಏನೋ ಒಂದು, ಒಂದೇ ಚಮಚ. ಚಮಚ ಅಂದರೆ ಟೀ ಚಮಚ. "ಅದನ್ನು ತಿನ್ನಬೇಕಾಗಿಲ್ಲ, ಸುಮ್ನೆ ನೋಡು ಸಾಕು" ಅಂತ ಮೊದಲ ದಿನ ಹೇಳಿದ್ದೆ, ಅದಕ್ಕೆ ಅವನೇ "ನೋಡೋ ಖಾನೆ" ಅಂತ ಹೆಸರಿಟ್ಟ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು.

ಇದು ನನ್ನ ತಲೆಯಿಂದ ಹುಟ್ಟಿದ ಉಪಾಯ ಅಲ್ಲ. ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರ ತಜ್ಞೆ ಒಬ್ಬರು ಈ ಕೆಲಸವನ್ನು ಪಾಲು ಮಾಡಿ ಹೇಳಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನುವುದು ಅಪ್ಪ ಅಮ್ಮನ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದು ಮಗುವಿನ ಪಾಲು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಕೇಳಲು ಸುಲಭ. ಮೊದಲ ವಾರ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡು ಕೂತಿದ್ದೆ. ಹೊಸ ತಿಂಡಿ ಕಂಡರೆ ಮುಖ ತಿರುಗಿಸುವುದು ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಮಾಮೂಲಿ, ಒಂದು ಹೊಸ ರುಚಿಯನ್ನು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ ಎದುರಿಗೆ ಬರಬೇಕಾಗಬಹುದು. ನಾವೆಲ್ಲ ಮೂರನೇ ಸಲಕ್ಕೇ "ಅವನಿಗೆ ಅದು ಸೇರೋದಿಲ್ಲ" ಅಂತ ಷರಾ ಬರೆದುಬಿಡುತ್ತೇವೆ, ಅಲ್ವಾ?

ಹರಿವೆಯ ಕತೆ ಹೇಳುತ್ತೇನೆ. ಕಾರವಾರದ ಭಾನುವಾರದ ಸಂತೆಗೆ ಅವನನ್ನೂ ಕರೆದುಕೊಂಡು ಹೋಗಿದ್ದೆ. ಕತ್ತಿನ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಕೆಂಪು ಹರಿವೆಯ ಕಟ್ಟನ್ನು ಅವನ ಕೈಗೇ ಕೊಟ್ಟರು. ಮನೆವರೆಗೂ ಹೊತ್ತು ತಂದ. ತಿನ್ನುತ್ತಾನೆ ಅಂದುಕೊಂಡಿರಾ? ಇಲ್ಲ. ಮೊದಲ ಸಲ ನೋಡೋ ಖಾನೆಗೆ ಹಾಕಿದಾಗ ತಟ್ಟೆಯನ್ನು ತಿರುಗಿಸಿ ಆ ಖಾನೆ ನನ್ನ ಕಡೆಗೆ ಬರುವಂತೆ ಇಟ್ಟ. ಎರಡು ದಿನ ಬಿಟ್ಟು ಮತ್ತೆ ಹಾಕಿದೆ, ಮತ್ತೆ ತಿರುಗಿಸಿದ. ನಾಲ್ಕನೆಯದೋ ಐದನೆಯದೋ ಸಲ ಪಲ್ಯದಲ್ಲಿದ್ದ ತೆಂಗಿನ ತುರಿಯನ್ನು ಹೆಕ್ಕಿದ. ಅದು ಕೆಂಪಾಗಿತ್ತು. ಬೆಳಕಿಗೆ ಹಿಡಿದು ನೋಡಿದ, ಮೂಸಿದ, ವಾಪಸ್ ಇಟ್ಟ. ಒಂದು ದಿನ ನಾಲಿಗೆ ತುದಿಗೆ ತಾಗಿಸಿ "ಮಣ್ಣು" ಅಂದ. ನಿಜ, ಹರಿವೆಗೆ ಸ್ವಲ್ಪ ಮಣ್ಣಿನ ರುಚಿ ಇದೆ, ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಸುಮಾರು ಹನ್ನೊಂದನೇ ಸಲ ಇರಬೇಕು, ಅವತ್ತು ಕರೆಂಟ್ ಹೋಗಿತ್ತು, ಹೊರಗೆ ಜೋರು ಮಳೆ, ಮೇಣದ ಬತ್ತಿ ಬೆಳಕಿನಲ್ಲಿ ಮೂವರೂ ಉಣ್ಣುತ್ತಿದ್ದೆವು. ಒಂದು ಚೂರು ಪಲ್ಯವನ್ನು ಅನ್ನದ ಖಾನೆಗೆ ತಂದು ಉಜ್ಜಿದ. ಅನ್ನ ಗುಲಾಬಿ ಆಯಿತು. ಇದೇ ಹುಡುಗ, ರಸ ತಾಗಿದರೆ ಊಟ ಬಿಡುತ್ತಿದ್ದವನು! ಗುಲಾಬಿ ಅನ್ನ ಅಂತ ಹೇಳಿ ತಿಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸಾರಿನ ಬಗ್ಗೆ ಮಾತಾಡಿದೆವು. ಶಭಾಷ್ ಅನ್ನಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಅಂದಿದ್ದರೆ ಮತ್ತೆ ಶುರುವಾಗುತ್ತಿತ್ತು ನಾಟಕ.

ಎಂಟು ತಿಂಗಳ ಲೆಕ್ಕ ಹೇಳುವುದಾದರೆ ಹರಿವೆ, ಬೀಟ್ರೂಟ್, ಹೆಸರುಕಾಳು, ಸೌತೆಕಾಯಿ ತೆಳ್ಳೇವು (ತೆಳು ದೋಸೆ), ಒಂದೆಲಗದ ತಂಬುಳಿ ದಾಟಿವೆ. ತಂಬುಳಿ ಸುಲಭ ಆಯಿತು, ಮಜ್ಜಿಗೆಯ ನೆಂಟ ಅಲ್ವಾ ಅದು. ಉಪನಯನ ಮುಗಿಸಿ ವಾಪಸ್ ಬರುವಾಗ ಕುಮಟಾದ ರಸ್ತೆ ಬದಿಯಲ್ಲಿ ಜಡೆ ಹಾಗೆ ಕಟ್ಟಿ ತೂಗುಹಾಕಿದ್ದ ಸಿಹಿ ಈರುಳ್ಳಿ ತಂದಿದ್ದೆವು, ಅದನ್ನು ಹಸಿಯಾಗಿಯೇ ತಿಂದ, ಖಾರ ಇಲ್ಲವಲ್ಲ. ಬದನೆಕಾಯಿ ಇಪ್ಪತ್ತು ಸಲ ದಾಟಿದೆ, ಇನ್ನೂ ತಟ್ಟೆ ತಿರುಗಿಸುತ್ತಾನೆ. ಬೀನ್ಸ್ ಒಂದು ತಿಂಗಳು ತಿಂದು ಈಗ ಮತ್ತೆ ಬೇಡ ಅನ್ನುತ್ತಾನೆ. ತಟ್ಟೆ ತಂದ ವಾರದಲ್ಲೇ ಮಗು ಎಲ್ಲ ತಿನ್ನುತ್ತದೆ ಅಂದುಕೊಂಡು ಕೊಳ್ಳುವವರು ಆ ದುಡ್ಡಿಗೆ ಒಳ್ಳೆಯ ಮಾವಿನಹಣ್ಣು ತಿನ್ನಿ.

ತಟ್ಟೆಯ ಜೊತೆಗೆ ಹಾಲನ್ನೂ ಕಮ್ಮಿ ಮಾಡಿದ್ದೆವು, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ದಿನಕ್ಕೆ ಮುಕ್ಕಾಲು ಲೀಟರ್ ಕುಡಿಯುತ್ತಿದ್ದ. ಮಕ್ಕಳ ಡಾಕ್ಟರು ಅರ್ಧ ಲೀಟರಿನ ಒಳಗೇ ಇರಲಿ ಅಂದರು. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ, ಅದೇ ಹೊಟ್ಟೆ ತುಂಬಿದರೆ ಕಬ್ಬಿಣ ಇರುವ ಸೊಪ್ಪು ಕಾಳುಗಳಿಗೆ ಜಾಗ ಎಲ್ಲಿ? ಅತ್ತೆಗೆ ಮಾತ್ರ ಎಲುಬಿನ ಚಿಂತೆ. ರಾಗಿ ತೆಳ್ಳೇವು ಮಾಡಿಕೊಟ್ಟು ಸಮಾಧಾನ ಮಾಡಿದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಒಂದು ದೋಸೆಗೆ ನೂರು ಗ್ರಾಂ ಹಿಟ್ಟು ಹೋಗುವುದಿಲ್ಲ ಅನ್ನುವುದನ್ನು ಅತ್ತೆಗೆ ಹೇಳಲಿಲ್ಲ. ಇನ್ನೊಂದು ಮಾತನ್ನು ಡಾಕ್ಟರು ಹೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ, ಆಮೇಲೆ ವರ್ಷಕ್ಕೆ ಎರಡು ಕೆಜಿ ಏರಿದರೆ ಸರಿ. ಬೆಳವಣಿಗೆ ನಿಧಾನ ಆದರೆ ಹಸಿವೂ ಕಮ್ಮಿ. ಅದನ್ನೇ ನಾವು "ಮೊದಲು ಚೆನ್ನಾಗಿ ತಿಂತಿದ್ದ, ಈಗೀಗ ಏನೂ ತಿನ್ನೋದಿಲ್ಲ" ಅಂತ ಗೋಳಾಡುವುದು.

ಸಿಹಿಯ ಆಸೆ ತೋರಿಸುವುದನ್ನೂ ಬಿಟ್ಟೆ. "ಪಲ್ಯ ತಿಂದರೆ ತೊಡದೇವು" ಅಂತ ಹೇಳಿ ಹೇಳಿ ಪಲ್ಯ ಶಿಕ್ಷೆ, ತೊಡದೇವು ಬಹುಮಾನ ಅಂತ ನಾನೇ ಕಲಿಸಿದ್ದೆ. ಈಗ ಮನೆಯಲ್ಲಿ ತೊಡದೇವು ಇದ್ದ ದಿನ ಒಂದು ತುಂಡನ್ನು ಚಿಕ್ಕ ಖಾನೆಗೆ ಊಟದ ಜೊತೆಗೇ ಹಾಕುತ್ತೇನೆ. ಅದನ್ನು ಮೊದಲು ತಿನ್ನುತ್ತಾನೆ. ತಿನ್ನಲಿ. ಆಮೇಲೆ ಅನ್ನ ಇದ್ದೇ ಇದೆ.

ಈಗ ದೂರುಗಳು. ಖಾನೆಗಳ ನಡುವಿನ ಗೋಡೆ ಗಿಡ್ಡ. ಅಪ್ಪೆಹುಳಿ, ಸಾರು ಏನನ್ನೂ ಹಾಕುವ ಹಾಗಿಲ್ಲ, ತಟ್ಟೆ ಎತ್ತಿದರೆ ಹರಿದು ಪಕ್ಕದ ಖಾನೆಗೆ ಹೋಗುತ್ತದೆ, ಮತ್ತೆ ಹಳೇ ರಾಮಾಯಣ. ತೆಳು ಪದಾರ್ಥಕ್ಕೆ ಬೇರೆ ಲೋಟ ಬೇಕೇ ಬೇಕು. ಮೂಲೆಗಳಲ್ಲಿ ಮೊಸರು ಒಣಗಿದರೆ ತೆಗೆಯಲು ಉಗುರೇ ಗತಿ. ತೆಳು ತಟ್ಟೆ ಆದರೆ ನೆಲದ ಮೇಲೆ ಜಾರುತ್ತದೆ, ಕೈ ತಪ್ಪಿದರೆ ಕೆಳಗಿನ ಮನೆಯವರು ಮೇಲೆ ನೋಡುವಷ್ಟು ಸದ್ದು.

ದೊಡ್ಡ ದೂರು ತುಕ್ಕಿನದ್ದು. ಶಿರಸಿಯಲ್ಲಿ ತಂದ ಈ ತಟ್ಟೆಯ ಅಂಚು ಒಳಕ್ಕೆ ಸುರುಳಿ ಸುತ್ತಿದೆ, ಆ ಸಂದಿಯಲ್ಲಿ ತೊಳೆದ ನೀರು ನಿಲ್ಲುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ಕಂದು ಚುಕ್ಕೆಗಳು. ಕಾರವಾರದ ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ತಟ್ಟೆ. ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ತೋರಿಸಿ, ನೋಡಿ ಅಂಟುವುದಿಲ್ಲ, ಒಳ್ಳೆಯ ಸ್ಟೀಲ್ ಅಂದಿದ್ದರು. ಆ ಪರೀಕ್ಷೆ ಸಾಲದು. 304 ಅನ್ನುವ ಸ್ಟೀಲಿನಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಮ್ಯಾಗ್ನೆಟ್ ಎರಡಕ್ಕೂ ಹೆಚ್ಚುಕಮ್ಮಿ ಅಂಟುವುದಿಲ್ಲ. ಆದರೆ ಉಪ್ಪು ಹುಳಿ ತಾಗಿದರೆ 202 ಬೇಗ ಹಾಳಾಗುತ್ತದೆ. ತಟ್ಟೆಯ ಬೆನ್ನಿಗೆ 304 ಅಂತ ಅಚ್ಚು ಇದೆಯಾ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಘಟ್ಟದ ಮೇಲಿನವರಿಗೆ ಇಷ್ಟು ತಲೆಬಿಸಿ ಬೇಡವೇನೋ, ಕರಾವಳಿಯವರಿಗೆ ಬೇಕು.

ಪಕ್ಕದ ಮನೆಯ ವೈನಿ ನನ್ನದನ್ನು ನೋಡಿ ಮಗಳಿಗೂ ಒಂದು ತಂದರು. ಆ ಹುಡುಗಿಯದ್ದು ಬೇರೆಯೇ ಹಟ, ಹುರಿದ ಬಂಗಡೆ ಮತ್ತು ಅನ್ನ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಒಂದು ತಿಂಗಳಾದರೂ ಏನೂ ಬದಲಾಗಿಲ್ಲ, ನಿಮ್ಮ ತಟ್ಟೆ ದಂಡ ಅಂದರು. ಗೋಡೆ ತೆಳುವಾದ್ದರಿಂದ ನನಗೆ ಕಾರಣ ಕೇಳಿಸುತ್ತದೆ, ದಿನಾ ಮಧ್ಯಾಹ್ನ "ಖಾ, ಖಾ" (ಕೊಂಕಣಿಯಲ್ಲಿ ತಿನ್ನು, ತಿನ್ನು) ಅನ್ನುವುದು ನಿಂತಿಲ್ಲ. ಇನ್ನೊಂದು ವಿಷಯ ಮಾತ್ರ ಅವರಿಗೆ ಬಾಯಿ ಬಿಟ್ಟೇ ಹೇಳಿದೆ. ಚಿಕ್ಕ ಖಾನೆಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ ಹಾಕಿದ್ದರು. ಐದು ವರ್ಷದೊಳಗಿನ ಮಕ್ಕಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತು. ಶೇಂಗಾ ಪುಡಿ ಮಾಡಿ ಹಾಕಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ.

ಮಗುವಿನ ತೂಕ ಇಳಿಯುತ್ತಿದ್ದರೆ, ಪ್ರತಿ ತುತ್ತಿಗೂ ವಾಕರಿಸುತ್ತಿದ್ದರೆ, ತಿನ್ನುವ ಪದಾರ್ಥಗಳು ದಿನದಿಂದ ದಿನಕ್ಕೆ ಕಮ್ಮಿ ಆಗುತ್ತಾ ಬಂದರೆ ತಟ್ಟೆ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಗೋಡೆ ಇನ್ನು ಒಂದು ಬೆರಳು ಎತ್ತರ ಇದ್ದಿದ್ದರೆ ನಾಲ್ಕು. ದೀಪಾವಳಿ ಮುಗಿದ ಮೇಲೆ ಕಾರವಾರದಲ್ಲೇ ಇನ್ನೊಂದು ತಂದೆ, ದಪ್ಪದ್ದು, ಬೆನ್ನಿಗೆ 304 ಅಚ್ಚು ಇರುವಂಥದ್ದು, 260 ರೂಪಾಯಿ. ಈ ಸಲ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಮೆಷಿನ್ ಪಕ್ಕದಲ್ಲೇ ನಿಂತೆ. ಸರಿಯಾಗಿ ಪೃಥ್ವಿ ಅಂತ ಬಂತು. ಮನೆಗೆ ತಂದು ಕೊಟ್ಟರೆ ಮಾಣಿ ಅಕ್ಷರ ನೋಡಿ, ಇದು ನನ್ನ ಹೆಸರಲ್ಲ, ನನ್ನದು ಬೇರೆ ಥರ ಇದೆ ಅಂತ ಹೇಳಿ ಹಳೇ ತಟ್ಟೆ ಹಿಡಿದುಕೊಂಡು ಬಂದ. ಹೊಸದರಲ್ಲಿ ಈಗ ನಮ್ಮನೆಯವರು ಉಣ್ಣುತ್ತಿದ್ದಾರೆ. ಅವರ ನೋಡೋ ಖಾನೆಯಲ್ಲಿ ಹಾಗಲಕಾಯಿ.